ಸಾಹುಕಾರನ ಮಾತಿಗೆ ನಗಲೇಬೇಕಾ?

ನಮ್ಮ ಬೀದಿಯಲ್ಲಿ ಬಿಸ್ಕತ್ ಫ್ಯಾಕ್ಟರಿ ಇದ್ದ ಕಾಲ ಅದು. ಬೆಳಗಾದರೆ ಬೀದಿಗೆಲ್ಲ ಬೆಂದ ಸಕ್ಕರೆಯ ವಾಸನೆ. ಸಂಜೆ ಖಾಲಿ ಗೋದಾಮಿನಲ್ಲಿ ನಾಟಕದ ಪ್ರಾಕ್ಟೀಸು. ಈಗ ಟೀವಿ ಮುಂದೆ ಕೂತು ಆಕಳಿಸ್ತೀವಲ್ಲ, ಆಗ ಬೀದಿಗೆ ಬೀದಿಯೇ ಅಲ್ಲಿ ಸೇರುತ್ತಿತ್ತು. ಎಂಥಾ ದಿನಗಳು ಅವು!

ನಮ್ಮೆಜಮಾನರು ಫ್ಯಾಕ್ಟರಿಯಲ್ಲಿ ಒಲೆ ನೋಡಿಕೊಳ್ಳೋರು, ನಾಟಕದಲ್ಲಿ ಮಾತ್ರ ಸಾಹುಕಾರ. ಕಾಡಿಗೆಯಲ್ಲಿ ಮೀಸೆ ಬರೀತಿದ್ದವಳು ನಾನೇ. ಆ ಸಾಹುಕಾರ ಮನೆಗೆಲಸದವಳ ಕೈ ಹಿಡಿದು, "ನನ್ನ ಅನ್ನ ತಿಂದು ನನ್ನನ್ನೇ ಬೇಡ ಅಂತೀಯಾ?" ಅನ್ನಬೇಕು. ಅವಳು ನಗಬೇಕು. "ನಕ್ಕಳು, ಒಪ್ಪಿದಳು" ಅಂತ ಅವನು ಮೀಸೆ ತಿರುವಬೇಕು. ಜನ ಶಿಳ್ಳೆ ಹೊಡೆದಿದ್ದೇ ಹೊಡೆದಿದ್ದು.

ಒಂದು ಸಂಜೆ ನನ್ನ ನಾದಿನಿ ಪ್ಯಾಕಿಂಗ್ ಕೆಲಸದಿಂದ ಮುಖ ಸಪ್ಪೆ ಮಾಡಿಕೊಂಡು ಬಂದಳು. ಮಾಲೀಕರ ಮಗ ಅವಳ ಕೈ ಹಿಡಿದು ಅದೇ ಮಾತು ಅಂದನಂತೆ. ನೀನೇನು ಮಾಡಿದೆ ಅಂತ ನಮ್ಮೆಜಮಾನರು ಕೇಳಿದರು. ನಕ್ಕೆ ಅಂದಳು ಪಾಪ. ಇವರಿಗೆ ಪಿತ್ತ ನೆತ್ತಿಗೇರಿತು. ತಪ್ಪು ನಿನ್ನದೇ, ನಾಳೆಯಿಂದ ಕೆಲಸ ಬೇಡ, ಮನೆಯಲ್ಲೇ ಬಿದ್ದಿರು ಅಂದುಬಿಟ್ಟರು. ಒದ್ದಾಡಿ ಗಿಟ್ಟಿಸಿದ ಕೆಲಸ ಅದು. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು.

ನಾಟಕದಲ್ಲಿ ಕೆಲಸದವಳ ಪಾರ್ಟು ನಮ್ಮ ಬೀದಿಯ ನರ್ಸಮ್ಮನದು. ಅವರ ಕಿವಿಗೆ ವಿಷಯ ಹಾಕಿದೆ. ಅವತ್ತು ಪ್ರಾಕ್ಟೀಸಿನಲ್ಲಿ ಇವರು ಕೈ ಹಿಡಿದು ಮಾತು ಹೇಳಿದರು. ನರ್ಸಮ್ಮ ನಗಲಿಲ್ಲ. ನಾಟಕ ಕಲಿಸುವ ಮೇಷ್ಟ್ರು ನಗಮ್ಮಾ ಅಂತ ಪಿಸುಗುಟ್ಟಿದರು. ಊಹೂಂ. ನರ್ಸಮ್ಮ ಇವರ ಮುಖವನ್ನೇ ನೋಡುತ್ತ ನಿಂತರು. ಆ ನಗು ಇಲ್ಲದೆ ಇವರ ಮುಂದಿನ ಮಾತು ಬರೋದಾದರೂ ಹೇಗೆ? ಸಾಹುಕಾರರು ಬೆವೆತುಹೋದರು.

"ನಿಮ್ಮ ತಂಗಿ ನಕ್ಕಿದ್ದು ಖುಷಿಗಲ್ಲ ಅಣ್ಣ, ಕೆಲಸ ಹೋದೀತು ಅನ್ನೋ ಭಯಕ್ಕೆ," ಅಂದರು ನರ್ಸಮ್ಮ. "ತಪ್ಪು ಮಾಡಿದವನು ಕಾರಲ್ಲಿ ಓಡಾಡ್ತಾನೆ, ನೀವು ಹುಡುಗೀನ ಮನೇಲಿ ಕೂರಿಸ್ತೀರಾ? ಎಲ್ಲರೂ ಒಟ್ಟಿಗೆ ಹೋಗಿ ದೂರು ಕೊಡಿ."

ಇವರು ಅಲ್ಲೇ ಕೂತುಬಿಟ್ಟರು. "ಅವನನ್ನ ಬಿಟ್ಟು ಇವಳನ್ನ ಬೈದೆನಲ್ಲೇ," ಅಂದರು ನನಗೆ.

ಮಾರನೇ ದಿನ ತಂಗಿಯನ್ನೂ ಪ್ಯಾಕಿಂಗ್ ಹೆಂಗಸರನ್ನೂ ಕರೆದುಕೊಂಡು ಮಾಲೀಕರ ಮುಂದೆ ನಿಂತರು. ಮಾಲೀಕರು ಮೊದಲು ಮೂಗು ಮುರಿದರು. ಒಲೆ ಹಚ್ಚೋದಿಲ್ಲ ಅಂತ ಇವರು ಅಂದಮೇಲೆ ದಾರಿಗೆ ಬಂದರು. ಮಗ ಮತ್ತೆ ಪ್ಯಾಕಿಂಗ್ ಕೋಣೆ ಕಡೆ ತಲೆ ಹಾಕಲಿಲ್ಲ. ನಾದಿನಿಯ ಕೆಲಸ ಉಳೀತು. ನಾಟಕದಿಂದ ಆ ನಗುವನ್ನೂ ತೆಗೆದುಹಾಕಿದೆವು.

ಈಗ ಫ್ಯಾಕ್ಟರಿಯೂ ಇಲ್ಲ, ಗೋದಾಮೂ ಇಲ್ಲ. ದುಡ್ಡಿದ್ದರೆ ಯಾರ ಕೈ ಬೇಕಾದರೂ ಹಿಡೀಬಹುದು ಅಂದುಕೊಂಡವರು ಮಾತ್ರ ಇನ್ನೂ ಇದ್ದಾರೆ. ಅದಕ್ಕೇ ಹೇಳ್ತೀನಿ, ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಹೆಣ್ಣುಮಗಳು ಹೆದರಿ ನಕ್ಕರೆ ಅದು ಒಪ್ಪಿಗೆ ಅಲ್ಲ. ನಿಮ್ಮ ಮನೆ ಹುಡುಗಿ ಅಳುತ್ತ ಬಂದರೆ ಅವಳನ್ನು ಒಳಗೆ ಕೂರಿಸಿ ಬಾಗಿಲು ಹಾಕಬೇಡಿ. ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆ ಹೊರಡಿ.