ಐನಾಪುರದ ಬಂದೂಕಿಗೆ ದುರ್ಬೀನು

ಅಬ್ದುಲ್ ಗನಿಯ ರೈಫಲ್ಲಿಗೆ ದುರ್ಬೀನು ಕೂಡಿಸಬೇಕೆಂದು ನಮ್ಮ ಐನಾಪುರದವರು ಒಪ್ಪಿದ್ದು ಅರವತ್ತೆಂಟರ ಸುಗ್ಗಿಗೆ ಮುಂಚೆ. ಕುಂಚಾವರಂ ಅಡವಿಯ ಹಂದಿಗಳು ತೊಗರಿ ಹೊಲಕ್ಕೆ ನುಗ್ಗಿದರೆ ತಿಂದು ಸುಮ್ಮನೆ ಹೋಗುವವಲ್ಲ, ಬೇರುಸಹಿತ ಕಿತ್ತುಹಾಕುವವು. ಊರಿಗೆ ಲೈಸೆನ್ಸಿನ ಬಂದೂಕು ಗನಿಯದೊಂದೇ. ಆ ವರ್ಷ ಅವನ ಗುಂಡುಗಳು ತಪ್ಪತೊಡಗಿದ್ದವು. ಕೇಳಿದರೆ, "ಬಂದೂಕಿನ ನಳಗಿ ಮ್ಯಾಲಿನ ಗುರಿ ನೋಡೋ ಮೊಳಿ ಸವದದ" ಅನ್ನುತ್ತಿದ್ದ. ನಾವು ನಂಬಿ ಮನೆಮನೆಯಿಂದ ವಂತಿಗೆ ಎತ್ತಿದೆವು.

ಗನಿಯನ್ನು ನಂಬುವುದರಲ್ಲಿ ನಾನು ಎಲ್ಲರಿಗಿಂತ ಮುಂದು. ತೊಗರಿಯೊಳಗೆ ಹೊಕ್ಕು ಡಬ್ಬಿ ಬಾರಿಸಿ ಹಂದಿ ಎಬ್ಬಿಸುವವನು ನಾನು, ಲಾಲಪ್ಪ. ಹಂದಿ ಎದ್ದ ಕೂಡಲೇ "ಹೊಂಟ್ವು!" ಎಂದು ಕೂಗುತ್ತಿದ್ದೆ. ಬದುವಿನ ಮೇಲೆ ಕುಳಿತ ಗನಿ "ಕಂಡೆ!" ಅನ್ನುತ್ತಿದ್ದ. ಆ ಮಾತು ಕಿವಿಗೆ ಬಿದ್ದದ್ದೇ ನಾನು ನೆಲಕ್ಕೆ ಬೋರಲಾಗಿ ಬೀಳಬೇಕು, ಆಮೇಲೆ ಗುಂಡು. ಹಂದಿ ಕಣ್ಣಿಗೆ ಬೀಳದ ಹೊರತು ಆತ ಆ ಮಾತು ಆಡುವಂತಿರಲಿಲ್ಲ. ಬಿದ್ದ ಹಂದಿಯ ಹತ್ತಿರ ಆತ ಸುಳಿಯುತ್ತಲೂ ಇರಲಿಲ್ಲ. ಅದನ್ನು ಎಳೆದೊಯ್ಯುವುದು ನಮ್ಮ ಓಣಿಯವರ ಪಾಲು.

ಚಂದಾಪುರದಲ್ಲಿ ಬಂದೂಕು ರಿಪೇರಿ ಮಾಡುವ ಗುಲಾಮ ದಸ್ತಗೀರ ನಮಗಾಗಿ ಹೈದರಾಬಾದಿನಿಂದ ಎರಡು ದುರ್ಬೀನು ತರಿಸಿದ್ದ. ಒಂದು ಉದ್ದ, ಒಂದು ಗಿಡ್ಡ. ಸಂತೆಯ ದಿನ ಗನಿ ಬಂದೂಕು ಹೆಗಲಿಗೇರಿಸಿಕೊಂಡ, ನಾವಿಬ್ಬರೂ ಆರಿಸಲು ಹೋದೆವು.

"ಕುಂದ್ರಿ" ಅಂದ ದಸ್ತಗೀರ, ಎರಡನ್ನೂ ಅರಿವೆಯ ಮೇಲಿಟ್ಟ. "ಮೊದಲ ಹೇಳ್ರಿ, ಎಷ್ಟು ದೂರಕ್ಕ ಹೊಡೀತೀರಿ?"

"ದೂರ ಎಲ್ಲೀದು, ತೊಗರಿ ಅಂಚಿಗೇ ಬರ್ತಾವ" ಅಂದೆ ನಾನು.

"ಹಂಗಾದ್ರ ಗಿಡ್ಡಂದೇ ಛಲೋ. ಉದ್ದಂದು ದೂರಿಂದು ಭಾಳ ದೊಡ್ಡದು ಮಾಡಿ ತೋರಸ್ತದ, ಖರೆ. ಹತ್ತಿರದ ಹಂದಿಗಿ ಅದನ್ನ ಹಿಡದ್ರ ಬರೀ ಕೂದಲ ಕಾಣ್ತಾವ, ಬಾಜೂಕ ಏನದ ಗೊತ್ತಾಗಂಗಿಲ್ಲ. ಗಿಡ್ಡಂದ್ರಾಗ ಸಂಜಿ ಬೆಳಕನ್ಯಾಗೂ ಹೊಲ ಅಗಲಾಗಿ ಕಾಣ್ತದ. ರೊಕ್ಕಾನೂ ಉಳೀತದ."

"ಗಿಡ್ಡಂದೇ ಕೊಡ್ರಿ. ಬಾಜೂಕ ಇರಾಂವ ನಾನೇ" ಅಂದೆ. ದಸ್ತಗೀರ ನಕ್ಕ.

ಗನಿ ನಗಲಿಲ್ಲ. "ದೊಡ್ಡದು ಕಾಣಬೇಕು. ದೊಡ್ಡದೇ ಬೇಕು" ಅನ್ನುತ್ತ ಉದ್ದನೆಯದನ್ನು ಎತ್ತಿಕೊಂಡು ಬಾಗಿಲಾಚೆಯ ಬೇವಿನ ಮರದತ್ತ ಹಿಡಿದ. ಎಡಗಣ್ಣು ಮುಚ್ಚಿ ಬಹಳ ಹೊತ್ತು ನೋಡಿದ.

"ಏನ್ ಕಾಣ್ತದೋ?" ಅಂದೆ.

"ಎಲ್ಲಾ ಕಾಣ್ಲಿಕತ್ತದ. ಎಲಿ ಎಲಿ ಬಿಡಿ ಬಿಡಿಯಾಗಿ ಕಾಣ್ಲಿಕತ್ತದ."

ದುರ್ಬೀನಿನ ಮುಂದಿನ ಗಾಜಿಗೆ ಹಾಕಿದ್ದ ತೊಗಲಿನ ಮುಚ್ಚಳ ಹಾಗೇ ಇತ್ತು. ತಮಾಷೆ ಮಾಡುತ್ತಿದ್ದಾನೆಂದು ನಾನು ಕಿಸಕ್ಕನೆ ನಕ್ಕುಬಿಟ್ಟೆ. ಆಮೇಲೆ ಅವನ ಮುಖ ನೋಡಿದೆ. ಹಣೆಯ ಮೇಲೆ ಬೆವರು, ತುಟಿ ಬಿಗಿದಿತ್ತು. ಕತ್ತಲೆ ಕಂಡದ್ದಕ್ಕೆ ತನ್ನ ಕಣ್ಣೇ ಪೂರ್ತಿ ಹೋಯಿತೆಂದುಕೊಂಡು, ಅದನ್ನು ನಮ್ಮಿಂದ ಮುಚ್ಚಿಡಲು ಎಲೆಗಳ ಮಾತಾಡಿದ್ದ. ದಸ್ತಗೀರ ಕೈ ಚಾಚಿ ಮುಚ್ಚಳ ತೆಗೆದ. ಒಳಗೆ ಬೆಳಕು ಬಿದ್ದ ಕೂಡಲೇ ಗನಿಗೆ ತನ್ನ ಸುಳ್ಳು ಬಯಲಾದದ್ದು ತಿಳಿಯಿತು. ದುರ್ಬೀನನ್ನು ಅರಿವೆಯ ಮೇಲಿಟ್ಟು, "ಎರಡೂ ಬ್ಯಾಡ್ರಿ" ಅಂದು ಬಂದೂಕು ಎತ್ತಿಕೊಂಡು ಎದ್ದ.

ಹೊರಗೆ ಬೇವಿನ ನೆರಳಿನಲ್ಲಿ ನಿಂತೆವು.

"ಯಾವಾಗಿಂದೋ?" ಅಂದೆ.

"ಎರಡ್ ವರ್ಷ ಆತು. ಬಲಗಣ್ಣಿಗಿ ಪೊರಿ ಬಂದದ. ಎಡದ್ರಾಗೂ ಮಬ್ಬು. ಮೊನ್ನಿ ನಮ್ಮೂರ ಗುರುದೇವಿ ಹೊಲದಾಗ 'ಕಂಡೆ' ಅಂದ್ನಲ್ಲ, ಏನೂ ಕಂಡಿದ್ದಿಲ್ಲ. ಸಪ್ಪಳಕ್ಕ ಹೊಡದೆ."

ಸಿಟ್ಟು ನೆತ್ತಿಗೇರಿತು. "ನಾನೂ ಸಪ್ಪಳ ಮಾಡ್ಕೋತ ಓಡಾಡಾಂವ ಅಲ್ಲೇನೋ!" ಎಂದು ಚೀರಿದೆ. ಸಂತೆಗೆ ಬಂದವರು ತಿರುಗಿ ನೋಡಿದರು.

"ಹೌದು. ಅದಕ್ಕೇ ಹೇಳ್ಲಿಕತ್ತೀನಿ. ಕಣ್ಣಿಲ್ಲ ಅಂದ್ರ ಬಂದೂಕ ಠಾಣಾದಾಗ ಇಡಸ್ತಾರ. ಬಂದೂಕಿಲ್ಲದ ಗನಿನ್ನ ಊರಾಗ ಯಾರು ಕೇಳ್ತಾರಲೇ? ಈಗ ನಾನೇ ಹೋಗಿ ಇಟ್ಟು ಬರ್ತೀನಿ."

ಇಷ್ಟು ವರ್ಷ ಇವನ ಒಂದು ಮಾತಿಗೆ ಮಣ್ಣಿಗೆ ಮುಖ ಒತ್ತಿ ಬಿದ್ದಿದ್ದೆನಲ್ಲ. ಅವನನ್ನು ಅಲ್ಲೇ ಬಿಟ್ಟು ಹೋಗಿಬಿಡಬೇಕು ಅನಿಸಿತು.

ಠಾಣೆ ರಸ್ತೆಯ ಆಚೆ ಇತ್ತು. ದೂಳೆಬ್ಬಿಸುತ್ತ ಬಸ್ಸೊಂದು ಬರುತ್ತಿತ್ತು. ಗನಿ ರಸ್ತೆಯ ಅಂಚಿಗೆ ಹೋಗಿ ನಿಂತು ನನ್ನ ಕಡೆ ಕಿವಿ ಮಾಡಿದ.

"ಲಾಲಪ್ಪಾ, ಬಸ್ಸು ಹ್ವಾತೇನು?"

"ತಡಿ" ಅಂದೆ.

ಬಸ್ಸು ಹೋಯಿತು. ದೂಳೂ ಕೂತಿತು. ರಸ್ತೆ ಖಾಲಿಯಾಗಿತ್ತು. ಸಿಟ್ಟಿನಿಂದ ನಾನು ಬಾಯಿ ಬಿಡಲಿಲ್ಲ. ಬೇಕಾದರೆ ತಾನೇ ದಾಟಲಿ ಎಂದು ನೋಡುತ್ತ ನಿಂತೆ. ಆತ ಒಂದು ಹೆಜ್ಜೆಯನ್ನೂ ಮುಂದಿಡದೆ, ನಾನು ಹೇಳುವುದನ್ನೇ ಕಾಯುತ್ತ ನಿಂತಿದ್ದ.