ಹಂದಿ ಹಿಡಿಯುವ ಹುದ್ದೆ

ಮಾರ್ಚ್ ತಿಂಗಳ ಊರಸಭೆ ನಡೆಯಬೇಕಾದದ್ದು ಪ್ರಾರ್ಥನಾ ಮಂದಿರದಲ್ಲಿ. ಆದರೆ ಮ್ಯಾಸಚೂಸೆಟ್ಸಿನ ಆ ಚಳಿಗೆ ಅಲ್ಲೊಂದು ಒಲೆಯೂ ಇರಲಿಲ್ಲ. ಹಲ್ಲು ಕಟಕಟಿಸತೊಡಗಿದ್ದೇ ತಡ, ಪ್ರತಿವರ್ಷದಂತೆ ಸಭೆಗೆ ಸಭೆಯೇ ಎದ್ದು ಹೊಳೆದಂಡೆಯ ಮೆಹಿಟಬಲ್‌ಳ ಹೋಟೆಲಿಗೆ ಬಂತು.

ಗಂಡ ಸತ್ತು ಆರು ವರ್ಷ. ಹೋಟೆಲು, ಹೊಲ ಎರಡೂ ಅವಳ ಹೆಸರಿಗಿದ್ದವು. ಊರಿನ ತೆರಿಗೆಯೂ ಅವಳ ತಲೆಗೇ. ಸಭೆಯಲ್ಲಿ ಕೈ ಎತ್ತುವ ಹಕ್ಕು ಮಾತ್ರ ಗಂಡಸರದು. ಬೇರೆ ದಿನವಾಗಿದ್ದರೆ ಹಾಳಾಗಿ ಹೋಗಲಿ ಎಂದು ಅವಳು ಸುಮ್ಮನಿರುತ್ತಿದ್ದಳೋ ಏನೋ. ಆದರೆ ಹಿಮದ ಗಡ್ಡೆ ಹೊಡೆದು ಹೋಟೆಲಿನ ಪಕ್ಕದ ಹಳೆಯ ಸೇತುವೆ ಮುರಿದುಬಿದ್ದಿತ್ತು. ಹೊಸದು ತಮ್ಮ ಗಿರಣಿಯ ಪಕ್ಕ, ಮೇಲ್ದಂಡೆಯಲ್ಲೇ ಆಗಬೇಕೆಂದು ಸಭೆಯ ಅಧ್ಯಕ್ಷ, ಚರ್ಚಿನ ಹಿರಿಯ ಥೇಯರ್ ಹಟ ಹಿಡಿದಿದ್ದರು. ಹಾಗಾದರೆ ದಾರಿಹೋಕರು ಇತ್ತ ತಲೆಯೇ ಹಾಕುವುದಿಲ್ಲ. ಮೆಹಿಟಬಲ್ ಹೋಟೆಲಿಗೆ ಬೀಗ ಹಾಕಬೇಕು.

ಮೊದಲು, ಕಡಲಾಚೆಯಿಂದ ತಮ್ಮನ್ನು ಆಳುವ ರಾಜನಿಗೆ ಊರವರು ಬರೆದ ಪತ್ರ. ಗಾಜು, ಕಾಗದ, ಬಣ್ಣ, ಚಹಾ ಎಲ್ಲದರ ಮೇಲೂ ಲಂಡನ್ನಿನ ಪಾರ್ಲಿಮೆಂಟು ಸುಂಕ ಹಾಕಿತ್ತಲ್ಲ, ಅದರ ಮೇಲಿನ ದೂರು. ಊರ ಗುಮಾಸ್ತ ಜೇಬೆಜ್ ಗಂಟಲು ಸರಿಮಾಡಿಕೊಂಡು ಓದಿದ: “ಅಲ್ಲಿ ನಮ್ಮ ಪರವಾಗಿ ಒಬ್ಬನೂ ಕುಳಿತಿಲ್ಲ. ನಿಮ್ಮ ಪರವಾಗಿ ನಾವೇ ಯೋಚಿಸುತ್ತೇವೆ ಎಂಬ ಅವರ ಮಾತನ್ನು ನಾವು ಒಪ್ಪುವುದಿಲ್ಲ.”

ಎಲ್ಲರೂ ಮೇಜು ಗುದ್ದಿದರು. ಮೆಹಿಟಬಲ್ ಬಿಯರು ಬಿಸಿಯಾಗಲೆಂದು ಕೆಂಪಗೆ ಕಾಸಿದ ಸಲಾಕೆಯನ್ನು ಬಿಯರಿನ ಮಗ್ಗಿಗೆ ಚುಂಯ್ ಎಂದು ಅದ್ದಿದಳು.

“ಚೆನ್ನಾಗಿ ಬರೆದಿದ್ದೀಯಪ್ಪ ಜೇಬೆಜ್. ಇಲ್ಲಿ ನನ್ನ ಪರವಾಗಿ ಯಾರು ಕೂತಿದಾರೆ?”

“ಅಯ್ಯೋ ತಾಯಿ,” ಥೇಯರ್ ನಕ್ಕರು, “ನಿಮ್ಮ ಪರವಾಗಿ ನಾವೇ ಯೋಚಿಸ್ತೀವಲ್ಲ!”

ಜೇಬೆಜ್‌ನ ಮೂಗಿಗೆ ಬಿಯರು ಏರಿತು. “ಹಿರಿಯರೇ, ಲಂಡನ್ನಿನವರು ಅಂದದ್ದೂ ಇದನ್ನೇ. ಈಗ ತಾನೇ ಓದಿದೆ.”

“ಮುಂದಿನ ವಿಷಯ!” ಎಂದು ಗುಡುಗಿದರು ಥೇಯರ್, ಮುಖ ಕೆಂಪಗಾಗಿ.

ಮುಂದಿನದು ಬೀದಿಹಂದಿ ಹಿಡಿಯುವ ಅಧಿಕಾರಿಯ ಹುದ್ದೆ. ಊರಿನಲ್ಲಿ ಹೊಸದಾಗಿ ಮದುವೆಯಾದ ಗಂಡನ್ನು ಈ ಹುದ್ದೆಗೆ ಆರಿಸಿ ಗೋಳುಹೊಯ್ದುಕೊಳ್ಳುವುದು ಪದ್ಧತಿ. ಆ ವರ್ಷ ಒಂದೂ ಮದುವೆಯಾಗಿರಲಿಲ್ಲ.

“ಮೆಹಿಟಬಲಮ್ಮನ್ನೇ ಮಾಡಿ!” ಹಿಂದಿನಿಂದ ಯಾರೋ ಕೂಗಿದ. “ಅವರು ಒಂದು ಸಲ ಗದರಿದ್ರೆ ಸಾಕು, ಹಂದಿಗಳು ತಾವಾಗೇ ಗೂಡು ಸೇರ್ತಾವೆ!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸೇಡು ತೀರಿಸಿಕೊಳ್ಳಲು ಇದೇ ಸಮಯವೆಂದು ಥೇಯರ್ ಎರಡೂ ಕೈ ಎತ್ತಿದರು. ಅಷ್ಟಕ್ಕೇ ಬಿಟ್ಟರೇ? ಬೈಬಲ್ ತರಿಸಿ, ಪ್ರಮಾಣವಚನವನ್ನೂ ತಾವೇ ಹೇಳಿಕೊಟ್ಟರು. ಮೆಹಿಟಬಲ್ ಏಪ್ರನ್ನಿಗೆ ಕೈ ಒರೆಸಿಕೊಂಡು, ಒಂದಕ್ಷರವೂ ತಪ್ಪದಂತೆ ಹೇಳಿದಳು. ಜೇಬೆಜ್ ಪುಸ್ತಕದಲ್ಲಿ ಬರೆದುಕೊಂಡ.

ಕೊನೆಗೆ ಸೇತುವೆ. ಮೇಲ್ದಂಡೆಗೆ ಹತ್ತೊಂಬತ್ತು ಕೈ, ಹಳೆಯ ಜಾಗಕ್ಕೂ ಹತ್ತೊಂಬತ್ತು. ಸಮ ಬಿದ್ದರೆ ಅಧ್ಯಕ್ಷರ ಮಾತೇ ಕೊನೆ. ಥೇಯರ್ ಮೀಸೆಯಿಲ್ಲದ ತುಟಿಯಲ್ಲೇ ನಗುತ್ತಾ ಎದ್ದರು.

“ಇಪ್ಪತ್ತು,” ಎಂದ ಜೇಬೆಜ್.

ಒಲೆಯ ಬಳಿ ಮೆಹಿಟಬಲ್‌ಳ ಕೈ ಮೇಲಿತ್ತು, ಸಲಾಕೆಯ ಸಮೇತ.

“ಹೆಂಗಸರ ಕೈ ಎಣಿಸೋ ಹಾಗಿಲ್ಲ!” ಎಂದು ಅರಚಿದರು ಥೇಯರ್.

“ಹೆಂಗಸು ಅಂತ ನಾನೆಲ್ಲಿ ಬರೆದೆ? ಊರಿನ ಅಧಿಕಾರಿ ಅಂತ ಬರೆದಿದೀನಿ. ಅಧಿಕಾರಿಗೆ ಕೈ ಎತ್ತೋ ಹಕ್ಕಿದೆ. ಪ್ರಮಾಣ ಮಾಡಿಸಿದೋರು ನೀವೇ.”

“ಅದು ತಮಾಷೆಗೆ ಕಣಯ್ಯಾ!”

“ಬೈಬಲ್ ಮೇಲೆ ಕೈ ಇಡಿಸಿ ತಮಾಷೆನಾ, ಹಿರಿಯರೇ?” ಮೆಹಿಟಬಲ್ ಮೆತ್ತಗೆ ಕೇಳಿದಳು.

ಚರ್ಚಿನ ಹಿರಿಯ ಅದಕ್ಕೆ ಹೌದೆನ್ನುವುದು ಹೇಗೆ? ಮೂಲೆಯಲ್ಲಿ ಒಬ್ಬ ಕಿಸಕ್ಕೆಂದ. ಆಮೇಲೆ ನಗು ತಡೆಯುವವರೇ ಇರಲಿಲ್ಲ. ಮೇಲ್ದಂಡೆಗೆ ಕೈ ಎತ್ತಿದವರೂ ಕಣ್ಣೊರೆಸಿಕೊಂಡು ನಕ್ಕರು.

“ಇಪ್ಪತ್ತು,” ಥೇಯರ್ ಗೊಣಗಿದರು. “ಬರ್ಕೊಳ್ಳಯ್ಯ.”

ಮೆಹಿಟಬಲ್‌ಗೆ ಕುಣಿದುಬಿಡುವಷ್ಟು ಖುಷಿಯಾಯಿತು. ಹೋಟೆಲು ಉಳಿದಿತ್ತು. ಎಲ್ಲರ ಮಗ್ಗೂ ಮತ್ತೆ ತುಂಬಿಸಿದಳು, ಥೇಯರ್‌ರದನ್ನು ಅಂಚಿನವರೆಗೆ.

ರಾಜನಿಗೆ ಬರೆದ ಪತ್ರಕ್ಕೆ ಊರಿನ ಅಧಿಕಾರಿಗಳೆಲ್ಲ ಸಹಿ ಹಾಕಬೇಕಿತ್ತು. ಜೇಬೆಜ್ ಲೇಖನಿಯನ್ನು ಅವಳ ಕಡೆ ಚಾಚಿದ. ಥೇಯರ್‌ರ ಹೆಸರಿನ ಕೆಳಗೇ ಅವಳು ದಪ್ಪ ಅಕ್ಷರದಲ್ಲಿ ತನ್ನ ಹೆಸರು ಬರೆದು, ಶಾಯಿ ಆರಲೆಂದು ಊದಿದಳು.

“ಇನ್ನು ನಾಳೆ ಬೆಳಿಗ್ಗೆಯಿಂದ ನಿಮ್ಮ ಹಂದಿಗಳನ್ನ ಕಟ್ಟಿಹಾಕಿ, ಹಿರಿಯರೇ,” ಎಂದಳು. “ಅವುಗಳ ಪರವಾಗಿ ನಾನು ಯೋಚಿಸ್ತೀನಿ.”