ಚಾದರದ ತುದಿ

"ಊರಲ್ಲಿ ಒಬ್ಬರನ್ನೊಬ್ಬರು ಸುಟ್ಟುಕೊಂಡು ಸಾಯಿರಿ, ಬೇವರ್ಸಿಗಳು. ನನ್ನ ಬೆಡ್‌ಶೀಟ್ ಎಂತಕ್ಕೆ ನೆಲಕ್ಕೆ ಹಾಕುದು?"

ರಂಜಿತ್ ಬಯ್ದದ್ದು ಕನ್ನಡದಲ್ಲಿ. ಅರ್ಥವಾದದ್ದು ನನಗೊಬ್ಬಳಿಗೆ. ಅವನು ನಮ್ಮ ಲಾಂಡ್ರಿಯ ಸೂಪರ್‌ವೈಸರ್, ಉಡುಪಿ ಕಡೆಯವನು. ಗಲ್ಫಿನ ಈ ನಗರದ ಟೂರಿಸ್ಟ್ ಕ್ಲಬ್ ಏರಿಯಾದ ಹೋಟೆಲುಗಳ ಚಾದರಗಳು ನಮ್ಮಲ್ಲಿಗೆ ಬರುತ್ತವೆ.

ದೊಡ್ಡ ಚಾದರವನ್ನು ಒಬ್ಬರೇ ಮಡಚಲಾಗುವುದಿಲ್ಲ. ಇಬ್ಬರು ಎರಡೆರಡು ತುದಿ ಹಿಡಿದು, ಬಿಗಿಯಾಗಿ ಎಳೆದು, ಎದುರೆದುರು ನಡೆದು ಬರಬೇಕು. ಎಮಿಲಿಯಾ ಮತ್ತು ಹಫ್ಸತು ಮೊದಲಿನಿಂದಲೂ ಜೋಡಿ. ನೈಜೀರಿಯಾದ ಒಂದೇ ಊರಿನವರು. ಎಮಿಲಿಯಾ ಚರ್ಚಿನವಳು, ಹಫ್ಸತು ಮಸೀದಿಯ ಬೀದಿಯವಳು. ಅವರ ತಾಯಂದಿರು ಹಳೇ ಸಂತೆಯಲ್ಲಿ ಒಂದೇ ಚಾಪೆಯ ಮೇಲೆ ಕೂತು ಟೊಮೆಟೊ ಮಾರುತ್ತಿದ್ದರಂತೆ. ಸರ್ಕಾರ ಸಂತೆ ಕೆಡವಿ ಗಾಜಿನ ಮಾರ್ಕೆಟ್ ಕಟ್ಟಿತು. ಅಂಗಡಿಗಳೆಲ್ಲ ಅವರಿಗೇ ಹೋದವು ಎಂದು ಚರ್ಚಿನ ಕಡೆಯೂ ಸುದ್ದಿ, ಮಸೀದಿಯ ಕಡೆಯೂ ಸುದ್ದಿ. ನಿನ್ನೆ ಆ ಮಾರ್ಕೆಟ್‌ಗೆ ಬೆಂಕಿ ಬಿತ್ತು. ಎಮಿಲಿಯಾಳ ತಾಯಿ ಒಳಗೇ ಉಳಿದಳು. ಬೆಂಕಿ ಹಚ್ಚಿದವನೆಂದು ಹಫ್ಸತುವಿನ ತಮ್ಮನನ್ನು ಪೊಲೀಸರು ಒಯ್ದರು.

ಇವತ್ತು ಹಫ್ಸತು ಎದುರು ಬಂದು ನಿಂತಾಗ ಎಮಿಲಿಯಾ ತನ್ನ ತುದಿ ಬಿಟ್ಟಳು. ಚಾದರ ಒದ್ದೆ ನೆಲಕ್ಕೆ ಬಿತ್ತು. ಆದದ್ದು ಅಷ್ಟೇ. ಒಂದು ಮಾತೂ ಇಲ್ಲ.

ರಂಜಿತ್ ನನ್ನನ್ನು ಡ್ರೈಯರ್‌ಗಳ ಹಿಂದೆ ಕರೆದ. ಮಡಚುವ ಯಂತ್ರ ಬಂದಾಯಿತು, ಇನ್ನು ಇವರಿಬ್ಬರಲ್ಲಿ ಒಬ್ಬಳು ಸಾಕು ಎಂದ.

"ಎಮಿಲಿಯಾ ಹಫ್ಸತುವಿನ ಧರ್ಮಕ್ಕೆ ಬೈದಳು ಅಂತ ಮ್ಯಾನೇಜರ್ ಹತ್ರ ಹೇಳು. ನೀನು ಎಂ.ಎ. ಓದಿದವಳು, ನಂಬ್ತಾರೆ."

ಈ ದೇಶದಲ್ಲಿ ಅದು ಜೈಲಿಗೆ ಕಳಿಸುವ ಮಾತು ಎಂದೆ.

"ನಿಂಗೆಂತ ಮಾರಾಯ್ತಿ? ಕೀರ್ತನ್ ಸತ್ತಾಗ ನಿಂಗೆ ವೀಸಾ ಮಾಡಿಸಿದ್ದು ಯಾರು? ಮುಂಡೆಗೆ ಊರಲ್ಲಿ ಯಾರು ಅನ್ನ ಹಾಕ್ತಿದ್ರು?"

ಕೀರ್ತನ್ ನನ್ನ ಗಂಡ. ಆಸ್ಪತ್ರೆಯಲ್ಲಿ ಅವನಿಗೆ ಹೊದಿಸಿದ್ದೂ ಇಂಥದೇ ಬಿಳಿ ಚಾದರ. ಮಡಿಕೆಯ ಗೆರೆ ಹೋಗಿರಲಿಲ್ಲ.

ಮ್ಯಾನೇಜರ್ ಬಂದು ಏನಾಯಿತೆಂದು ಕೇಳಿದ. ಎಮಿಲಿಯಾ ನೆಲ ನೋಡುತ್ತಿದ್ದಳು. ರಂಜಿತ್ ನನ್ನನ್ನು ನೋಡುತ್ತಿದ್ದ.

"ಅವಳು ಏನೂ ಹೇಳಲಿಲ್ಲ," ಎಂದೆ. "ಬೈದಳು ಅನ್ನು ಅಂತ ಇವನೇ ಹೇಳಿಕೊಟ್ಟದ್ದು."

ಮ್ಯಾನೇಜರ್ ಕೈಯಲ್ಲಿದ್ದ ಫೋನ್ ನೋಡುತ್ತಲೇ, ನೀನೇ ಮುಗಿಸು ಎಂದು ರಂಜಿತನಿಗೆ ಹೇಳಿ ಹೊರಟುಹೋದ.

"ನಿನ್ನ ವೀಸಾ ಖಲಾಸ್," ಎಂದ ರಂಜಿತ್, ನಮ್ಮ ಮೂವರಿಗೂ ಬಾಗಿಲು ತೋರಿಸುತ್ತ. "ಮೂರೂ ರಂಡೆಯರು ಗಂಟು ಕಟ್ಟಿ."

ಹಫ್ಸತು ನೆಲದ ಚಾದರ ಎತ್ತಿದಳು. ಎರಡು ತುದಿ ತಾನು ಹಿಡಿದು, ಉಳಿದೆರಡನ್ನು ಎಮಿಲಿಯಾಳ ಮುಂದೆ ಚಾಚಿದಳು. ಎಮಿಲಿಯಾ ತುಂಬ ಹೊತ್ತು ಮುಟ್ಟಲಿಲ್ಲ. ಆಮೇಲೆ, ಅವಳ ಮುಖ ನೋಡದೆಯೇ, ಹಿಡಿದಳು. ಇಬ್ಬರೂ ಅದನ್ನು ಓಡುತ್ತಿದ್ದ ಮಡಚುವ ಯಂತ್ರದ ಬಾಯಿಗೆ ಅಡ್ಡವಾಗಿ ಎಳೆದು ನಿಂತರು.

ರಂಜಿತ್ ಬಯ್ಯುತ್ತ ಬಂದ. ನಾನು ಯಂತ್ರದ ಕೆಂಪು ಗುಂಡಿ ಒತ್ತಿದೆ. ಅದು ನಿಂತಿತು.

ಚಾದರದಿಂದ ಕೊಳೆ ನೀರು ತೊಟ್ಟಿಕ್ಕುತ್ತಿತ್ತು. ಇಬ್ಬರೂ ಹತ್ತಿರ ಬರಲಿಲ್ಲ. ಬಿಡಲೂ ಇಲ್ಲ.